ಬೀದಿಗಿಂತ ಹಿಂದೆ ಬಿದ್ದ ಮನೆ

ಲೈನಣ್ಣ ಟಿವಿ ನೋಡಿದ್ದಕ್ಕಿಂತ ಟಿವಿಯ ಬೆನ್ನು ನೋಡಿದ್ದೇ ಹೆಚ್ಚು. ಮೀಸೆ ಚಿಗುರುವ ವಯಸ್ಸಿನಲ್ಲಿ ಏಣಿಯನ್ನು ಹೆಗಲಿಗೇರಿಸಿದವನು, ಮೀಸೆ ನರೆತರೂ ಇನ್ನೂ ಇಳಿಸಿಲ್ಲ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕಂಬದಿಂದ ಕಂಬಕ್ಕೆ, ಮಹಡಿಯಿಂದ ಮಹಡಿಗೆ ಜೋತಾಡುವ ಕರಿ ಕೇಬಲ್ಲುಗಳಲ್ಲಿ ಅವನು ಎಳೆಯದ ಲೈನು ಒಂದೂ ಇಲ್ಲ. ಯಾರ ಮನೆಯಲ್ಲಿ ಚಿತ್ರ ನಿಂತರೂ ಫೋನು ಅವನಿಗೇ. ಬಂದವನು ಕುಶಲ ವಿಚಾರಿಸುತ್ತಲೇ ಟಿವಿಯ ಹಿಂದೆ ಮಂಡಿಯೂರುತ್ತಾನೆ. ಅಲ್ಲಿ ಅವನಿಗೆ ಧೂಳಿನ ಮುದ್ದೆಯ ಜೊತೆಗೆ ಹೇರ್‌ಪಿನ್ನು, ಕಳೆದುಹೋಯಿತೆಂದು ಮನೆಯವರು ಬೀಗವನ್ನೇ ಒಡೆಸಿದ ಬೀಗದ ಕೈ, ಅರ್ಧ ತಿಂದ ಬಿಸ್ಕತ್ತು ಎಲ್ಲ ಸಿಗುತ್ತವೆ. ಒಂದು ಸಲ ಒಂದು ಹಲ್ಲುಸೆಟ್ಟೇ ಸಿಕ್ಕಿತ್ತು. ಆ ಮನೆಯ ಹಿರಿಯರು ಅದನ್ನು ತೊಳೆದು ಅಲ್ಲೇ ಬಾಯಿಗೆ ಹಾಕಿಕೊಂಡು, ಚಿತ್ರ ಬಂತೇನಪ್ಪ ಎಂದು ಕೇಳಿದರಂತೆ. ಈ ಕಥೆಯನ್ನು ಲೈನಣ್ಣ ಹೇಳಿದಷ್ಟೂ ಸಲ ಸೆಟ್ಟಿಗೆ ಒಂದೆರಡು ಹಲ್ಲು ಜಾಸ್ತಿಯಾಗುತ್ತವೆ.

ಮನುಷ್ಯ ಒಳ್ಳೆಯವನು. ಆದರೆ ಜೀವನದ ಯಾವ ತೊಂದರೆಗೂ ಅವನ ಹತ್ತಿರ ಇದ್ದ ಮದ್ದು ಒಂದೇ, ಇನ್ನೊಂದು ಲೈನು ಎಳೆಯುವುದು. ಮದುವೆಯಾದ ಹೊಸದರಲ್ಲಿ ಹೆಂಡತಿ ಒಬ್ಬಳೇ ಕೂತು ಬೇಜಾರಾಗುತ್ತದೆ ಎಂದಳು. ಬೇರೆ ಗಂಡಸಾದರೆ ಸಂಜೆ ಬೇಗ ಮನೆಗೆ ಬರುತ್ತಿದ್ದ, ಇವನು ಅಡುಗೆಮನೆಗೆ ಸ್ಪೀಕರಿನ ಲೈನು ಎಳೆದ. ಅವನ ತಾಯಿಗೆ ಮಂಡಿನೋವು ಬಂದು ಮಹಡಿ ಇಳಿಯಲಾಗದೇ ಹೋದಾಗ, ಡಾಕ್ಟರನ್ನು ಕರೆಸುವುದಕ್ಕೆ ಮೊದಲು ಮಹಡಿಯಿಂದ ಕೆಳಗೆ ಕರೆಗಂಟೆಯ ಲೈನು ಬಂದಾಗಿತ್ತು. ಈಗ ಮುದುಕಿ ನೀರು ಬೇಕಾದರೆ ಒಂದು ಸಲ, ಕೋಪ ಬಂದರೆ ಬೆರಳು ತೆಗೆಯದೆ ಒತ್ತುತ್ತಾರೆ.

ಇಂಥವನ ಮಗಳು ಫುಟ್ಬಾಲಿನ ಗೋಲ್ ಕೀಪರ್ ಆದಳು. ಓಣಿಯಲ್ಲಿ ಹುಡುಗರ ಜೊತೆ ಆಡುವಾಗ, ಚಿಕ್ಕವಳೆಂದು ಎರಡು ಇಟ್ಟಿಗೆಗಳ ನಡುವೆ ನಿಲ್ಲಿಸಿದ್ದರು. ನಿಂತವಳು ಅಲ್ಲಿಂದ ಅಲುಗಲೇ ಇಲ್ಲ. ಶಾಲೆಯ ತಂಡ, ಕಾಲೇಜಿನ ತಂಡ ದಾಟಿ ಈಗ ದೂರದ ಒಂದು ಕ್ಲಬ್ಬಿಗೆ ಆಡುತ್ತಾಳೆ. ಆ ಕ್ಲಬ್ಬು ಈ ವರ್ಷ ಯಾರೂ ನಿರೀಕ್ಷಿಸದ ಹಾಗೆ ಫೈನಲ್ ತಲುಪಿತು. ಫೈನಲ್ಲನ್ನು ಟಿವಿಯಲ್ಲಿ ನೇರ ತೋರಿಸುತ್ತಾರೆಂಬ ಸುದ್ದಿ ಬಂದ ದಿನ ಲೈನಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಾನು ಹತ್ತಿಳಿದ ಕಂಬಗಳ ಮೇಲಿನ ತಂತಿಯಲ್ಲಿ, ತನ್ನ ಕೈಯಾರೆ ತಿರುಗಿಸಿ ಬಿಗಿ ಮಾಡಿದ ಪಿನ್ನುಗಳ ಮೂಲಕ, ತನ್ನ ಮಗಳು ಮನೆಮನೆಗೂ ಹರಿದು ಬರುತ್ತಾಳೆ. ಅದನ್ನು ನೆನೆದು ಕಂಬದ ಮೇಲೆ ಒಬ್ಬನೇ ನಕ್ಕ. ಕೆಳಗೆ ಹೋಗುತ್ತಿದ್ದವರು ಅವನಿಗೆ ಶಾಕ್ ಹೊಡೆಯಿತೇನೋ ಎಂದು ನಿಂತು ನೋಡಿದರು.

ಸಂತೋಷದಲ್ಲಿ ಒಂದೇ ಒಂದು ಮುಳ್ಳಿತ್ತು. ಮಗಳು ಆಡುವುದನ್ನು ಅವಳ ತಾಯಿ ನೋಡುತ್ತಿರಲಿಲ್ಲ.

ಲೈನಣ್ಣನ ಹೆಂಡತಿ ಮೂಲೆಯ ಕ್ಲಿನಿಕ್ಕಿನಲ್ಲಿ ನರ್ಸು. ಬೇರೆಯವರ ರಕ್ತ ಆಕೆಗೆ ನೀರಿದ್ದ ಹಾಗೆ. ಹೊಲಿಗೆ ಹಾಕುವಾಗ ಡಾಕ್ಟರೇ ಮುಖ ತಿರುಗಿಸಿದರೂ ಆಕೆ ತಿರುಗಿಸಿದವಳಲ್ಲ. ಆದರೆ ಮಗಳು ಶಾಲೆಯಲ್ಲಿದ್ದಾಗ ಮೊದಲ ಸಲ ಮೈದಾನಕ್ಕೆ ಹೋಗಿ ಕೂತ ದಿನವೇ ಹುಡುಗಿ ಚೆಂಡಿಗೆ ಹಾರಿ, ಗೋಲಿನ ಕಂಬಕ್ಕೆ ಬಡಿದು, ಹೆಗಲಿನ ಮೂಳೆ ಮುರಿದುಕೊಂಡಳು. ಎರಡನೆಯ ಸಲ ಯಾರಿಗೂ ಹೇಳದೆ ಗೇಟಿನ ಹೊರಗಿನಿಂದ ಇಣುಕಿದ್ದಳು, ಅವತ್ತು ಮಗಳ ತಂಡ ಗೋಲಿನ ಮೇಲೆ ಗೋಲು ತಿಂದು ಸೋತಿತು. ಅಲ್ಲಿಗೆ ಆಕೆ ತೀರ್ಮಾನ ಮಾಡಿಬಿಟ್ಟಳು. ತನ್ನ ಕಣ್ಣೇ ಸರಿಯಿಲ್ಲ, ತಾನು ನೋಡಿದರೆ ಮಗಳಿಗೆ ಏನಾದರೊಂದು ಆಗುತ್ತದೆ. ಇಂಜೆಕ್ಷನ್ ಕೊಡುವ ಹೆಂಗಸಿಗೆ ಇಂಥ ಮೂಢನಂಬಿಕೆಯೇ ಎಂದು ಗಂಡ ಕೇಳಿದರೆ, ಇಂಜೆಕ್ಷನ್ನು ತಾನು ಹೆತ್ತ ಕೂಸಲ್ಲ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಮಗಳ ಪಂದ್ಯವಿದ್ದ ದಿನ ಆಕೆ ಮನೆಯನ್ನು ತೊಳೆಯುತ್ತಾಳೆ. ಪಾತ್ರೆಗಳು ಫಳಫಳ ಹೊಳೆಯುತ್ತಿದ್ದರೆ ಅವತ್ತು ಹುಡುಗಿ ಆಡಿದ್ದಾಳೆಂದು ಬಂದವರು ತಿಳಿಯಬಹುದಿತ್ತು.

ಫೈನಲ್ಲಿಗೆ ಒಂದು ವಾರವಿರುವಾಗ ಮಗಳು ಅಪ್ಪನಿಗೆ ಫೋನು ಮಾಡಿದಳು. ಅದೂ ಇದೂ ಮಾತಾಡಿ ಕೊನೆಗೆ ಮೆಲ್ಲಗೆ ಹೇಳಿದಳು.

"ಅಪ್ಪ, ಕಪ್ಪು ಬರುತ್ತೋ ಇಲ್ವೋ, ಅದು ನನ್ ಕೈಲಿಲ್ಲ. ಅಮ್ಮ ಒಂದೇ ಒಂದ್ಸಲ ನಾನು ಆಡೋದನ್ನ ನೋಡ್ಬೇಕು. ಎಲ್ಲರ ಅಮ್ಮಂದಿರೂ ಬರ್ತಾರೆ. ನಂಗೆ ಟಿವಿಲಿ ನೋಡಿದ್ರೂ ಸಾಕು. ಹೇಗಾದ್ರೂ ಮಾಡು."

ಆಗಲಿ ಎಂದುಬಿಟ್ಟ ಲೈನಣ್ಣ. ಹೇಗೆ ಎಂದು ಕೇಳಿದ್ದರೆ ತಡಬಡಿಸುತ್ತಿದ್ದ, ಪುಣ್ಯಕ್ಕೆ ಕೇಳಲಿಲ್ಲ.

ಹೆಂಡತಿಯನ್ನು ನಡುಮನೆಯ ಟಿವಿಯ ಮುಂದೆ ಕೂರಿಸುವುದು ಆಗದ ಮಾತು ಎಂದು ಅವನಿಗೆ ಗೊತ್ತಿತ್ತು. ಎರಡು ದಿನ ತಲೆ ಕೆರೆದುಕೊಂಡ. ಮೂರನೆಯ ದಿನ ಕೇಬಲ್ಲಿನ ಕಂಟ್ರೋಲ್ ರೂಮಿನಲ್ಲಿ, ದೀಪಗಳು ಮಿಣಮಿಣ ಎನ್ನುವ ಕಪಾಟಿನ ಪಕ್ಕ ಕೂತು ಟೀ ಕುಡಿಯುವಾಗ, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಅಂಗೈಯಗಲದ ಒಂದು ಕರಿ ಪೆಟ್ಟಿಗೆ ಕಣ್ಣಿಗೆ ಬಿತ್ತು. ಅದರ ಒಂದು ಕಡೆಗೆ ಕೇಬಲ್ಲಿನ ಲೈನು ಚುಚ್ಚಿದರೆ, ಇನ್ನೊಂದು ಕಡೆಯಿಂದ ಅದೇ ಚಾನೆಲ್ಲು ಮನೆಯ ವೈಫೈಗೆ ಇಳಿಯುತ್ತದೆ. ಆಮೇಲೆ ಮನೆಯೊಳಗಿನ ಯಾವ ಫೋನಿನಲ್ಲಾದರೂ, ಟ್ಯಾಬಿನಲ್ಲಾದರೂ ಟಿವಿ ನೋಡಬಹುದು. ಒಂದೇ ಹೊತ್ತಿಗೆ ನಾಲ್ಕು ಕಡೆ ಕೊಡುತ್ತದೆ, ಐದನೆಯವರು ಬಂದರೆ ಜಾಗವಿಲ್ಲ ಎನ್ನುತ್ತದೆ. ಯಾರೋ ಕೊಂಡು ತಂದು, ಬಳಸಲು ಬಾರದೆ ಎಸೆದಿದ್ದರು. ಲೈನಣ್ಣ ಟೀ ಅರ್ಧಕ್ಕೇ ಬಿಟ್ಟು ಎದ್ದ.

ಮನೆಗೆ ಬರುವಷ್ಟರಲ್ಲಿ ಹಂಚಿಕೆ ಆಗಿಹೋಗಿತ್ತು. ಒಂದು, ಮಹಡಿಯಲ್ಲಿ ತಾಯಿಯ ಹಾಸಿಗೆಯ ಪಕ್ಕ ಟ್ಯಾಬು. ಮೊಮ್ಮಗಳ ಆಟವೆಂದರೆ ಅವರಿಗೆ ಪ್ರಾಣ, ಇಷ್ಟು ದಿನ ಕೆಳಗಿನ ಕೂಗು ಕೇಳಿ ಊಹಿಸಿಕೊಳ್ಳುತ್ತಿದ್ದರು. ಇನ್ನೊಂದು, ಮನೆಯ ಕೆಳಗೇ ಪಂಕ್ಚರ್ ಅಂಗಡಿ ಇಟ್ಟ ತಮ್ಮನ ಫೋನು. ಸಂಜೆ ಹೊತ್ತು ಅವನು ಅಂಗಡಿ ಬಿಟ್ಟು ಬರುವ ಹಾಗಿಲ್ಲ. ನಡುಮನೆಯ ದೊಡ್ಡ ಟಿವಿಗೆ ನೇರ ಕೇಬಲ್ಲೇ ಇತ್ತು, ಅದು ತನಗೆ. ಕೊನೆಯದು, ಇಷ್ಟೆಲ್ಲ ರಾಮಾಯಣ ಯಾವುದಕ್ಕೋ ಅದು, ಅಡುಗೆಮನೆಯಲ್ಲಿ ಈಳಿಗೆಯ ಪಕ್ಕ ಒಂದು ಹಳೆಯ ಫೋನು. ಯಾರೂ ನೋಡದ ಜಾಗದಲ್ಲಿ, ಕೈಗೆಟುಕುವ ದೂರದಲ್ಲಿ ಮಗಳು ಓಡಾಡುತ್ತಿದ್ದರೆ ಯಾವ ತಾಯಿ ಒಂದು ಸಲವಾದರೂ ಓರೆಗಣ್ಣಿನಿಂದ ನೋಡದೆ ಇರುತ್ತಾಳೆ? ಇದು ಲೈನಣ್ಣನ ಲೆಕ್ಕಾಚಾರ.

ಪೆಟ್ಟಿಗೆ ಜೋಡಿಸಿದ ದಿನ ಮನೆಯಲ್ಲಿ ಹಬ್ಬದ ಗಡಿಬಿಡಿ. ತಮ್ಮನ ಫೋನಿನಲ್ಲಿ ಚಿತ್ರ ಥಟ್ಟನೆ ಬಂತು, ಅವನು ಕೈಗೆ ಗ್ರೀಸು ಮೆತ್ತಿಕೊಂಡೇ ಕುಣಿದ. ಅಡುಗೆಮನೆಯಲ್ಲೂ ಬಂತು. ಮಹಡಿಯಲ್ಲಿ ಮಾತ್ರ ಮುಖಗಳೆಲ್ಲ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟವು. ವೈಫೈ ಪೆಟ್ಟಿಗೆ ಕಬ್ಬಿಣದ ಬೀರುವಿನ ಹಿಂದೆ ಇತ್ತು, ಅದರ ಗಾಳಿ ಮಹಡಿ ಹತ್ತುವಷ್ಟರಲ್ಲಿ ಸುಸ್ತಾಗುತ್ತಿತ್ತು. ಬೀರು ಸರಿಸಬಹುದಿತ್ತು. ಲೈನಣ್ಣ ಮೆಟ್ಟಿಲಿನ ಕಂಬಿಗುಂಟ ವೈರು ಎಳೆದು, ಮಹಡಿಗೆ ಇನ್ನೊಂದು ವೈಫೈ ಪೆಟ್ಟಿಗೆ ಕೂರಿಸಿದ. ಎಲ್ಲ ಗಾಳಿಯಲ್ಲೇ ಬರುತ್ತದೆ ಎಂದವನು ಕೊನೆಗೂ ಲೈನು ಎಳೆದೇ ತೀರಿದನಲ್ಲ ಎಂದು ತಾಯಿ ಬಿದ್ದು ಬಿದ್ದು ನಕ್ಕರು.

ಸಂಜೆ ಯಾವುದೋ ಬೇರೆ ಪಂದ್ಯ ಹಾಕಿ ಪರೀಕ್ಷೆ ನಡೆಸಿದ. ನಡುಮನೆಯಲ್ಲಿ ಗೋಲು ಬಿತ್ತು, ಲೈನಣ್ಣ ಹೋ ಎಂದು ಕೂಗಿದ. ಸ್ವಲ್ಪ ಹೊತ್ತಿಗೆ ಮಹಡಿಯಿಂದ ಕರೆಗಂಟೆ ಬೆರಳು ತೆಗೆಯದೆ ಬಡಿದುಕೊಂಡಿತು. ಓಡಿಹೋದ. ತಾಯಿ ಮುಖ ಊದಿಸಿಕೊಂಡು ಕೂತಿದ್ದರು.

"ನೀನು ಕೂಗಿದ ಎಷ್ಟೋ ಹೊತ್ತಿಗೆ ನಂಗೆ ಗೋಲ್ ಬಂತು. ನಿಂಗೆ ಬಿಸಿಬಿಸಿ, ನಂಗೆ ತಂಗಳಾ?"

ಮುದುಕಿಯ ಮಾತು ಸರಿಯಾಗಿತ್ತು. ನೇರ ಕೇಬಲ್ಲಿನ ಚಿತ್ರ ಬಂದಂತೆಯೇ ಟಿವಿಗೆ ಹೋಗುತ್ತದೆ. ಪೆಟ್ಟಿಗೆಯಿಂದ ಹೋಗುವುದನ್ನು ಅದು ತುಂಡುತುಂಡು ಮಾಡಿ ಕಟ್ಟಿ ಕಳಿಸಬೇಕು. ಫೋನಾದರೂ ಬಂದದ್ದನ್ನು ಕೂಡಲೇ ತೋರಿಸುವುದಿಲ್ಲ, ನಾಲ್ಕು ತುಂಡು ಕೂಡಿಟ್ಟುಕೊಂಡು ಆಮೇಲೆ ಬಿಡುತ್ತದೆ. ಒಟ್ಟಿನಲ್ಲಿ ಎಂಟು ಹತ್ತು ಸೆಕೆಂಡು ತಡ. ಧಾರಾವಾಹಿ ನೋಡುವವರಿಗೆ ಅದರಿಂದ ಏನೂ ಆಗುವುದಿಲ್ಲ. ಫೈನಲ್ಲಿನಲ್ಲಿ ಒಂದೇ ಮನೆಯ ಮೂರು ಮೂಲೆಗೆ ಮೂರು ಹೊತ್ತಾದರೆ ಜಗಳವೇ ಗತಿ. ಲೈನಣ್ಣ ಬಹಳ ಹೊತ್ತು ಯೋಚಿಸಲಿಲ್ಲ. ನಡುಮನೆಯ ಟಿವಿಗೆ ಇದ್ದ ನೇರ ಲೈನು ಕಿತ್ತು, ಅದನ್ನೂ ಪೆಟ್ಟಿಗೆಗೇ ಸೇರಿಸಿದ. ಈಗ ನಾಲ್ಕೂ ಕಡೆ ಒಂದೇ ತಡ. ಪರೀಕ್ಷೆಗೆ ಬಾಲ ಸುಟ್ಟ ಬೆಕ್ಕಿನ ಹಾಗೆ ಅಂಗಡಿಯಿಂದ ಮಹಡಿಗೆ, ಮಹಡಿಯಿಂದ ಅಡುಗೆಮನೆಗೆ ಓಡಾಡಿದ. ಎಲ್ಲರ ಚೆಂಡೂ ಒಟ್ಟಿಗೇ ಉರುಳುತ್ತಿತ್ತು. ಇಷ್ಟು ವರ್ಷ ಊರಿಗೆಲ್ಲ ಚಿತ್ರ ಕೊಟ್ಟವನಿಗೆ ಅವತ್ತು ತನ್ನ ಮನೆಗೂ ಕೊಟ್ಟೆನೆಂಬ ಹೆಮ್ಮೆಯಿಂದ ಎದೆ ಉಬ್ಬಿತು.

ಫೈನಲ್ಲಿನ ಸಂಜೆ ಹೆಂಡತಿ ಕ್ಲಿನಿಕ್ಕಿಗೆ ರಜೆ ಹಾಕಿದಳು. ಅದು ಆಟ ನೋಡುವುದಕ್ಕಲ್ಲ, ಈರುಳ್ಳಿ ಹೆಚ್ಚುವುದಕ್ಕೆ ಎಂದು ಮೊದಲೇ ಸಾರಿದ್ದಳು. ನಾಲ್ಕು ಜನರ ಮನೆಗೆ ನಲವತ್ತು ಜನರ ಈರುಳ್ಳಿ ಬುಟ್ಟಿಯಲ್ಲಿ ಕೂತಿತ್ತು. ಲೈನಣ್ಣ ಹಳೆಯ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ, ಮಗಳ ತಂಡ ಹಸಿರು ಅಂಗಿಯದು, ಮಗಳದು ಮಾತ್ರ ಹಳದಿ ಅಂಗಿ ಎಂದು ಯಾರಿಗೋ ಹೇಳುವವನಂತೆ ಗೋಡೆಗೆ ಹೇಳಿದ. ಅವನು ಬೆನ್ನು ತಿರುಗಿಸಿದ ಕೂಡಲೇ ಫೋನನ್ನು ಮಕಾಡೆ ಮಲಗಿಸಿದ ಸದ್ದು ಕೇಳಿಸಿತು.

ಆಟ ಶುರುವಾಯಿತು. ನಡುಮನೆಯಲ್ಲಿ ಲೈನಣ್ಣ ಕುರ್ಚಿಯ ತುದಿಗೆ ಅಂಟಿಕೊಂಡು ಕೂತ. ಹಳದಿ ಅಂಗಿ ಗೋಲಿನ ಮುಂದೆ ನಿಂತು ಕೈ ತಟ್ಟಿ ತನ್ನವರನ್ನು ಹುರಿದುಂಬಿಸುವುದು ಕಂಡಾಗ ಅವನೂ ಕೈ ತಟ್ಟಿದ. ಹಸಿರು ತಂಡದವಳೊಬ್ಬಳು ಬಲಗಡೆಯಿಂದ ಚೆಂಡು ತೆಗೆದುಕೊಂಡು ಓಡಿದಳು, ಇನ್ನೂ ಅರ್ಧ ಮೈದಾನ ಬಾಕಿಯಿತ್ತು. ಅಷ್ಟರಲ್ಲಿ ಹೊರಗೆ ಬೀದಿಗೆ ಬೀದಿಯೇ ಹೋ ಎಂದಿತು. ಪಕ್ಕದ ಮನೆಯ ದರ್ಜಿಯ ದನಿ ಗೋಡೆ ಸೀಳಿಕೊಂಡು ಬಂತು.

ಲೈನಣ್ಣ ಕಕ್ಕಾಬಿಕ್ಕಿಯಾದ. ಏನಾಯಿತೆಂದು ಕಿಟಕಿಯತ್ತ ಓಡಿದ, ಅಲ್ಲಿಂದ ತಿರುಗುವಷ್ಟರಲ್ಲಿ ಟಿವಿಯಲ್ಲಿ ಹಸಿರು ಅಂಗಿಯವಳು ಗೋಲು ಹೊಡೆದು ಓಡುತ್ತಿದ್ದಳು.

ಆಗ ಅವನಿಗೆ ಹೊಳೆಯಿತು, ಹಣೆ ಚಚ್ಚಿಕೊಂಡ. ಬೀದಿಯ ಪ್ರತಿ ಮನೆಗೂ ನೇರ ಲೈನು ಎಳೆದವನು ತಾನೇ. ದರ್ಜಿಯ ಮನೆಗೆ, ಎದುರಿನ ಮನೆಗೆ, ಮೂಲೆಯ ಔಷಧಿ ಅಂಗಡಿಗೆ, ಎಲ್ಲರಿಗೂ ಚಿತ್ರ ಬಿಸಿಬಿಸಿ. ತನ್ನ ಮನೆಯೊಂದನ್ನೇ ಅವನು ಕೈಯಾರೆ ಎಂಟು ಹತ್ತು ಸೆಕೆಂಡು ಹಿಂದಕ್ಕೆ ತಳ್ಳಿದ್ದ. ಮನೆಯೊಳಗಿನ ಜಗಳ ತಪ್ಪಿಸುವ ಭರದಲ್ಲಿ ಮನೆಯ ಹೊರಗೆ ಒಂದು ಬೀದಿ ಇದೆಯೆಂಬುದೇ ಮರೆತುಹೋಗಿತ್ತು. ಮಹಡಿಯ ಗಂಟೆ ಬಡಿದುಕೊಂಡಿತು. ಕೆಳಗಿನಿಂದ ತಮ್ಮ, ಕೇಬಲ್ಲಿನವನ ಮನೆಗೇ ಕೊನೆಗೆ ಚಿತ್ರ ಬರುತ್ತದೆಂದು ಗಿರಾಕಿಗಳು ನಗುತ್ತಿದ್ದಾರೆಂದು ಕೂಗಿ ಹೇಳಿದ.

ಆಮೇಲೆ ವಿರಾಮದವರೆಗೂ ಅದೇ ಗೋಳು. ಎದುರಾಳಿಗಳು ಮುನ್ನುಗ್ಗಿ ಬರುತ್ತಿದ್ದರೆ ಲೈನಣ್ಣನ ಎದೆ ಡವಡವ ಎನ್ನುವುದಕ್ಕೂ ಬಿಡುವಿಲ್ಲದೆ ಬೀದಿ ಭೇಷ್ ಎನ್ನುತ್ತಿತ್ತು. ಆಮೇಲೆ ಮಗಳು ಹಾರಿ ಚೆಂಡು ಹಿಡಿಯುತ್ತಿದ್ದಳು. ಒಂದು ಸಲ ಬೀದಿ ಅಯ್ಯೋ ಎಂದಿತು, ಅವನ ಜೀವ ಬಾಯಿಗೆ ಬಂತು. ನೋಡಿದರೆ ಚೆಂಡು ಮೇಲಿನ ಕಂಬಕ್ಕೆ ಬಡಿದು ಹೊರಗೆ ಹೋಗಿತ್ತು, ಅವರು ಹೆದರಿ ಕೂಗಿದ್ದರಷ್ಟೆ. ಮಗಳ ಜನ್ಮದಲ್ಲೇ ದೊಡ್ಡ ಆಟ, ಅದನ್ನು ಮುಗಿದ ಮೇಲೆ ನೋಡಿದ ಹಾಗಾಗುತ್ತಿದೆಯಲ್ಲ ಎಂದು ಅವನಿಗೆ ಅಳುವೇ ಬರುವಂತಾಯಿತು.

ಅರ್ಧ ಆಟ ಮುಗಿದು ವಿರಾಮ ಬಂತು. ಮಗಳ ತಂಡ ಒಂದು ಗೋಲು ಮುಂದಿತ್ತು. ಲೈನಣ್ಣ ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದ. ಮನೆಮನೆಯ ಬಾಗಿಲು ಬಡಿದು, ಎಲ್ಲರೂ ಟಿವಿ ಆರಿಸಿ ತನ್ನ ಮನೆಗೆ ಬಂದು ನೋಡಬೇಕು ಎಂದು ಗೋಗರೆದ. ಇಷ್ಟು ವರ್ಷ ಅವರ ಮನೆಗೆ ಹೋದವನು ಅವನು, ಈಗ ಅವರು ಬರಲಿ. ದರ್ಜಿ ಮಾತ್ರ ಜಂಬ ಮಾಡಿದ, ಮುಂದಿನ ಸಾಲಿನ ಕುರ್ಚಿ ಕೊಟ್ಟರೆ ಬರುವುದಾಗಿ ಪಟ್ಟು ಹಿಡಿದ. ಹುಡುಗಿ ಎಲ್ಲರ ಕಣ್ಣೆದುರು ಬೆಳೆದವಳು, ಬರಬಾರದೆಂದು ಯಾರಿಗೂ ಇರಲಿಲ್ಲ. ಎರಡನೇ ಅರ್ಧ ಶುರುವಾಗುವಷ್ಟರಲ್ಲಿ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಔಷಧಿ ಅಂಗಡಿಯವನು ಅಂಗಡಿಗೆ ಬೀಗ ಹಾಕಿ ಬಂದಿದ್ದ. ಎದುರಿನ ಮನೆಯ ಇಬ್ಬರು ಅಕ್ಕತಂಗಿಯರು ಒಂದೇ ಸ್ಟೂಲಿನ ಮೇಲೆ ಕೂತಿದ್ದರು. ಹೊರಗೆ ಬೀದಿ ಗಪ್‌ಚಿಪ್. ಲೈನಣ್ಣನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತದ್ದು ಕಂಡಿತು. ಕೈಸನ್ನೆ ಮಾಡಿ ಕರೆದಳು. ಮುಖ ಬಿಳಿಚಿತ್ತು.

"ಬೀದಿ ಯಾಕೆ ಸುಮ್ನಾಯ್ತು?"

ತಾನು ಮಾಡಿದ ಘನಕಾರ್ಯವನ್ನು ಲೈನಣ್ಣ ಹಲ್ಲು ಬಿಟ್ಟುಕೊಂಡು ವಿವರಿಸಿದ. ಆಕೆ ಗೋಡೆಗೆ ಒರಗಿದಳು.

"ಏನ್ ಮಾಡಿದ್ರಿ ನೀವು? ಅವ್ರು ಕೂಗಿದ್ ಮೇಲೇ ನಾನು ಫೋನ್ ತಿರುಗ್ಸಿ ನೋಡ್ತಿದ್ದೆ. ಭೇಷ್ ಅಂದ್ರೆ ಅವಳಿಗೇನೂ ಆಗಿಲ್ಲ ಅಂತ ಅರ್ಥ. ಆಮೇಲೆ ಧೈರ್ಯವಾಗಿ ನೋಡ್ತಿದ್ದೆ. ನಾಕು ಸಲ ನೋಡ್ದೆ ಕಣ್ರೀ. ಎಷ್ಟ್ ಚೆನ್ನಾಗಿ ಹಾರ್ತಾಳೆ."

ಯಾವುದನ್ನು ಲೈನಣ್ಣ ಅರ್ಧ ಆಟವೆಲ್ಲ ಶಪಿಸಿದ್ದನೋ, ಆ ತಡವೇ ಇಷ್ಟು ವರ್ಷ ಆಗದಿದ್ದುದನ್ನು ಮಾಡಿತ್ತು. ಅದನ್ನು ಅವನು ಚಪ್ಪಲಿಯಿಲ್ಲದ ಕಾಲಿನಲ್ಲಿ ಓಡಿಹೋಗಿ ಕೆಡಿಸಿ ಬಂದಿದ್ದ. ಈಗ ಎಲ್ಲರನ್ನೂ ಎಬ್ಬಿಸಿ ವಾಪಸು ಕಳಿಸುವುದು ಹೇಗೆ? ದರ್ಜಿ ಆಗಲೇ ಮುಂದಿನ ಕುರ್ಚಿಯಲ್ಲಿ ಕಾಲು ಚಾಚಿದ್ದ. ಕಳಿಸುತ್ತೇನೆ, ಕೈಮುಗಿದು ಕಳಿಸುತ್ತೇನೆ ಎಂದು ಲೈನಣ್ಣ ಹೆಜ್ಜೆ ಮುಂದಿಟ್ಟ. ಆಟ ಶುರುವಾದ ಸೀಟಿ ಕೇಳಿತು. ಆಕೆ ಬೇಡವೆಂದು ತಲೆಯಾಡಿಸಿ ಒಳಗೆ ಹೋಗಿಬಿಟ್ಟಳು. ಅವನಿಗೆ ಮಗಳಿಗೆ ಕೊಟ್ಟ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಕೂಗು ಕೇಳಿ ಇಣುಕಿದ್ದನ್ನು ಅಮ್ಮ ಆಟ ನೋಡಿದಳು ಎನ್ನಬಹುದೇ, ಮಗಳು ಕೇಳಿದರೆ ಏನು ಹೇಳಲಿ ಎಂದು ಒದ್ದಾಡಿದ.

ಎರಡನೇ ಅರ್ಧದಲ್ಲಿ ಎದುರಾಳಿಗಳು ಮೈಮೇಲೆ ಬಂದವರಂತೆ ಆಡಿದರು. ಚೆಂಡು ಹಸಿರು ತಂಡದ ಗೋಲಿನ ಮುಂದೆಯೇ ಸುತ್ತುತ್ತಿತ್ತು. ಹಳದಿ ಅಂಗಿ ಒಮ್ಮೆ ಎಡಕ್ಕೆ ಬಿದ್ದಿತು, ಒಮ್ಮೆ ಮುನ್ನುಗ್ಗಿ ಎದುರಾಳಿಯ ಕಾಲಿನಿಂದಲೇ ಚೆಂಡು ಕಸಿಯಿತು. ನಡುಮನೆ ಉಸಿರು ಹಿಡಿದು ಕೂತು, ಚೆಂಡು ಸಿಕ್ಕಿದೊಡನೆ ಒಟ್ಟಿಗೇ ಆರ್ಭಟಿಸುತ್ತಿತ್ತು. ಮಹಡಿಯಿಂದ ಮುದುಕಿ ಕೋಲಿನಿಂದ ನೆಲ ಕುಟ್ಟುತ್ತಿದ್ದರು, ಕೆಳಗೆ ತಮ್ಮ ಚಕ್ರದ ರಿಮ್ಮಿಗೆ ಸ್ಪಾನರಿನಿಂದ ಬಡಿಯುತ್ತಿದ್ದ. ಇಡೀ ಮನೆ ಒಂದೇ ಗಳಿಗೆಯಲ್ಲಿ ಕೂಗುತ್ತಿತ್ತು, ಲೈನಣ್ಣ ಬಯಸಿದ್ದೂ ಇದನ್ನೇ. ಆದರೆ ಅವನ ಕಿವಿ ಮಾತ್ರ ಅಡುಗೆಮನೆಯ ಕಡೆಗಿತ್ತು. ಅಲ್ಲಿಂದ ಈಳಿಗೆಯ ಸದ್ದೂ ಬರುತ್ತಿರಲಿಲ್ಲ.

ಆಟ ಮುಗಿಯಲು ಇನ್ನೇನು ಸ್ವಲ್ಪವೇ ಇರುವಾಗ ಹಸಿರು ತಂಡದ ಹುಡುಗಿಯೊಬ್ಬಳು ಗೋಲಿನ ಹತ್ತಿರವೇ ಎದುರಾಳಿಯನ್ನು ಬೀಳಿಸಿಬಿಟ್ಟಳು. ಸೀಟಿ ಮೊಳಗಿತು. ಪೆನಾಲ್ಟಿ. ಎದುರಾಳಿ ಚೆಂಡನ್ನು ಗುರುತಿನ ಮೇಲಿಟ್ಟು ಹಿಂದೆ ಸರಿದಳು. ಎದುರಿಗೆ ಇನ್ನಾರೂ ಇಲ್ಲ, ಲೈನಣ್ಣನ ಮಗಳೊಬ್ಬಳೇ.

ನಡುಮನೆಯಲ್ಲಿ ಗಾಳಿಯೂ ಅಲುಗಲಿಲ್ಲ. ಬೀದಿಯಲ್ಲಿ ಮುಂದಾಗಿ ತಿಳಿದುಕೊಂಡು ಕೂಗುವವರು ಒಬ್ಬರೂ ಉಳಿದಿರಲಿಲ್ಲ. ಔಷಧಿ ಅಂಗಡಿಯವನು ಮುಖ ಮುಚ್ಚಿಕೊಂಡ, ಸ್ಟೂಲಿನ ಅಕ್ಕ ತಂಗಿಯ ತೋಳು ಚಿವುಟಿ ಹಿಡಿದಳು. ಲೈನಣ್ಣನಿಗೆ ಹಿಂದಿನಿಂದ ಈರುಳ್ಳಿಯ ಘಾಟು ಬಂತು.

ಅವನು ತಿರುಗಿದ. ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು ಜನರ ಹಿಂದೆ ನಿಂತಿದ್ದಳು. ಎರಡೂ ಕೈಯಲ್ಲಿ ಸೆರಗಿನ ತುದಿಯನ್ನು ಮುದ್ದೆ ಮಾಡಿ ಎದೆಗೆ ಒತ್ತಿಕೊಂಡಿದ್ದಳು. ಕಣ್ಣು ನೇರ ಟಿವಿಯ ಮೇಲಿತ್ತು. ಯಾರ ಕೂಗಿಗೂ ಕಾಯದೆ, ಏನಾಗುತ್ತದೆಂದು ಗೊತ್ತಿಲ್ಲದೆ ಆಕೆ ನೋಡುತ್ತಿದ್ದಳು. ಕಣ್ಣು ಕದಲಲಿಲ್ಲ. ಈಗ ತಿರುಗಿಸುತ್ತಾಳೆ, ಈಗ ಮುಚ್ಚಿಕೊಳ್ಳುತ್ತಾಳೆ ಎಂದು ಲೈನಣ್ಣ ಆ ಮುಖವನ್ನೇ ನೋಡುತ್ತ ನಿಂತುಬಿಟ್ಟ.

ಮನೆ ಸಿಡಿಲು ಬಡಿದಂತೆ ಅಬ್ಬರಿಸಿತು. ದರ್ಜಿ ಕುರ್ಚಿಯ ಮೇಲೆ ಹತ್ತಿ ಕುಣಿದ. ಅಕ್ಕತಂಗಿಯರು ಸ್ಟೂಲಿನಿಂದ ಒಟ್ಟಿಗೇ ಬಿದ್ದರು. ಮಹಡಿಯ ಗಂಟೆ ನಿಲ್ಲದೆ ಬಡಿದುಕೊಂಡಿತು. ಯಾರೋ ಲೈನಣ್ಣನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಳ್ಳಲು ನೋಡಿದರು, ತೊಲೆಗೆ ತಲೆ ತಾಗಿತು. ಕೊನೆಯ ಸೀಟಿ ಆಯಿತು. ಗೆದ್ದಿತು, ಮಗಳ ತಂಡ ಗೆದ್ದಿತು. ಹೆಂಡತಿ ಆಗಲೂ ನೋಡುತ್ತಲೇ ಇದ್ದಳು, ಕೆನ್ನೆ ತೋಯ್ದಿತ್ತು. ಈರುಳ್ಳಿಯದೆಂದು ಅವತ್ತು ಆಕೆಯೂ ಹೇಳಲಿಲ್ಲ.

ಟಿವಿಯಲ್ಲಿ ಕುಣಿತ ನಡೆಯುತ್ತಿರುವಾಗಲೇ ಫೋನು ಬಂತು. ಗದ್ದಲದಲ್ಲಿ ಕೇಳಿಸದೆಂದು ಲೈನಣ್ಣ ಸ್ಪೀಕರಿಗೆ ಹಾಕಿದ. ಮಗಳು ಏದುಸಿರು ಬಿಡುತ್ತಿದ್ದಳು. ಗೆದ್ದದ್ದನ್ನು ಹೇಳಲಿಲ್ಲ, ಅಮ್ಮ ಎಲ್ಲಿ ಎಂದಳು. ಹೆಂಡತಿ ಫೋನಿಗೆ ಬಾಗಿದಳು.

"ಅಮ್ಮ, ಸುಳ್ಳು ಹೇಳ್ಬೇಡ. ನೋಡಿದ್ಯಾ?"

ಆಕೆ ಗಂಟಲು ಸರಿಮಾಡಿಕೊಂಡಳು.

"ತಪ್ಪು ಕಡೆ ಹಾರಿದ್ಯಲ್ಲೇ. ನೀನು ಬಲಗಡೆ ಹಾರ್ದೆ, ಅವಳು ನಡುವಿಗೆ ಹೊಡೆದ್ಲು. ನಂಗೆ ಜೀವಾನೇ ಹೋಯ್ತು. ಹಿಂದೆ ಉಳ್ದಿದ್ದ ಎಡಗಾಲಿಗೆ ತಾಗಿ ಚೆಂಡು ಮೇಲೆ ಹೋಯ್ತು, ಕೆಳಗೆ ಬರೋಷ್ಟರಲ್ಲಿ ನೀನು ತಿರುಗಿ ಅಪ್ಪಿಕೊಂಡ್ಬಿಟ್ಟೆ. ಮೊಣಕೈ ಕೆತ್ತಿದೆ, ಮಣ್ಣಿದೆ. ಮೊದ್ಲು ತೊಳ್ಕೊ."

ಲೈನಣ್ಣನೂ ಇದನ್ನು ಬಾಯಿ ತೆರೆದುಕೊಂಡು ಕೇಳಿದ. ಕಾಲಿಗೆ ತಾಗಿತೆಂಬುದು ಅವನಿಗೆ ಈಗಲೇ ಗೊತ್ತಾಗಿದ್ದು. ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಕೇಳಿತು. ಆಮೇಲೆ ಮಗಳು ಸಣ್ಣ ದನಿಯಲ್ಲಿ, ಅಮ್ಮನಿಗೆ ಪಕ್ಕದಿಂದ ಯಾರಾದರೂ ಹೇಳಿಕೊಟ್ಟರೇ, ನಿಜ ಹೇಳು ಎಂದು ಅಪ್ಪನನ್ನು ಕೇಳಿದಳು.

"ನಾನು ಹೇಳ್ಕೊಡೋಣ ಅಂದ್ರೆ ನಾನೇ ಅದನ್ನ ನೋಡಿಲ್ಲ ಕಣೇ," ಎಂದ ಲೈನಣ್ಣ. "ನಿಮ್ಮಮ್ಮನ್ನೇ ನೋಡ್ತಾ ಇದ್ದೆ. ರೆಪ್ಪೆ ಬಡೀಲಿಲ್ಲ ಅವಳು."